ದೀಪದ ತುಪ್ಪ ಕರುಳನ್ನು ತಡೆದದ್ದು

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಮನುಷ್ಯರ ಹೊಟ್ಟೆಯೊಳಗಿನ ಕರುಳಿಗೆ ನಿಲ್ಲುವುದೇ ಗೊತ್ತಿರಲಿಲ್ಲ. ಹೊಳೆಯ ತಂಗಿ ನೋಡು ಅದು. ಅಕ್ಕ ಓಡುತ್ತಾಳೆಂದು ತಾನೂ ಓಡುತ್ತಿತ್ತು.

ನೀಲವ್ವನ ಮಗಳು ಕೆಂಚಿ ಉಣ್ಣುತ್ತಿದ್ದಳು, ಉಂಡೇ ಉಣ್ಣುತ್ತಿದ್ದಳು. ಅನ್ನ ಒಳಗೆ ಹೋದದ್ದೇ ತಡ, ಕರುಳು ಅದನ್ನು ದಬ್ಬಿಕೊಂಡು ಓಡಿ ಹೊರಗೆ ಹಾಕುತ್ತಿತ್ತು. ಮೈಗೆ ಒಂದಗುಳೂ ಹತ್ತಲಿಲ್ಲ. ಮಗು ಕಡ್ಡಿಯಾಯಿತು. ನೀಲವ್ವ, ಪಾಪ, ಇನ್ನೂ ಬಡಿಸಿದಳು. ಬಡಿಸಿದಷ್ಟೂ ಕರುಳು ಇನ್ನೂ ಓಡಿತು. ಕೊನೆಗೆ ಕೆಂಚಿಗೆ ಅಳಲೂ ತ್ರಾಣ ಉಳಿಯಲಿಲ್ಲ.

ನೀಲವ್ವ ಮಗಳ ಹೊಟ್ಟೆಗೆ ಬಾಯಿಟ್ಟು ಕೂಗಿದಳು. "ಕರುಳೇ, ನಿಲ್ಲೇ ನಮ್ಮವ್ವ! ನನ್ನ ಮಗು ಸಾಯ್ತಿದೆ ಕಣೇ."

"ನಿಲ್ಲೋದು ಹೇಗಂತ ನನಗ್ಯಾರೂ ಹೇಳಿಕೊಟ್ಟಿಲ್ಲ," ಅಂದಿತು ಕರುಳು, ಓಡುತ್ತಲೇ.

ಆ ಕಾಲದಲ್ಲಿ ತುಪ್ಪವನ್ನು ಯಾರೂ ಉಣ್ಣುತ್ತಿರಲಿಲ್ಲ. ಅದು ದೇವರ ದೀಪಕ್ಕೆ ಮಾತ್ರ. ನಾಲಿಗೆಗೆ ಸೋಕಿಸಿದರೂ ಕೇಡು ಅಂತ ಹೆದರುತ್ತಿದ್ದರು. ಅವತ್ತು ಸಂಜೆ ದೀಪದಲ್ಲಿದ್ದ ತುಪ್ಪವೇ ಮಾತಾಡಿತು. "ನೀಲವ್ವ, ನನ್ನನ್ನ ಅನ್ನಕ್ಕೆ ಹಾಕು. ನಾನು ಹೋಗಿ ಕರುಳಿಗೆ ಹೇಳ್ತೀನಿ."

"ನೀನು ಹೋದರೆ ದೀಪ?"

"ಆರುತ್ತೆ. ನಾನೂ ತಿರುಗಿ ಬರಲ್ಲ. ಒಳಗೆ ಹೋದಮೇಲೆ ಒಡೆದು ಚೂರುಚೂರಾಗ್ತೀನಿ."

ನೀಲವ್ವ ದೇವರ ಮುಖ ನೋಡಿದಳು, ಮಗಳ ಮುಖ ನೋಡಿದಳು. ಹಣತೆ ಎತ್ತಿ ಬಿಸಿ ಅನ್ನದ ಮೇಲೆ ಬಗ್ಗಿಸಿಯೇಬಿಟ್ಟಳು. ಮನೆ ಕತ್ತಲಾಯಿತು.

ಕೆಂಚಿ ಒಂದು ತುತ್ತು ನುಂಗಿದಳು. ಒಳಗೆ ತುಪ್ಪ ಒಡೆದು ಸಣ್ಣ ಸಣ್ಣ ಹುಳಿಚೂರುಗಳಾಯಿತು. ಓದಿದವರು ಅದಕ್ಕೆ ಕೊಬ್ಬಿನಾಮ್ಲ ಅನ್ನಲಿ ಬಿಡು. ಆ ಚೂರುಗಳು ಕರುಳಿನ ಬಾಲದ ತನಕ ಇಳಿದು, ಅಲ್ಲಿಂದ ಹಿಂದಕ್ಕೆ ಕೂಗಿದವು. "ತಡಿಯೇ ತಂಗಿ, ತಡಿ. ಹಿಂದೆ ಬರ್ತಿರೋದು ಮಗುವಿನ ಅನ್ನ."

ಕರುಳು ಮೊದಲ ಸಲ ಮೈ ಸಡಿಲಬಿಟ್ಟಿತು. ಅನ್ನ ನಿಂತು ನಿಂತು ಸಾಗಿತು.

"ತುಪ್ಪಣ್ಣಾ, ಎಲ್ಲಿದ್ದೀಯ?" ಅಂತ ಕರುಳು ಕೇಳಿತು. ತುಪ್ಪ ಆಗಲೇ ಒಡೆದು ಮುಗಿದುಹೋಗಿತ್ತು. ಕರುಳಿಗೆ ತುಂಬ ದುಃಖವಾಯಿತು. "ನಿನ್ನ ಚೂರು ಸೋಕಿದಾಗಲೆಲ್ಲ ನಿಧಾನ ಹೋಗ್ತೀನಿ," ಅಂತ ಮಾತು ಕೊಟ್ಟಿತು.

ಕತ್ತಲಲ್ಲಿ ಕೆಂಚಿ, "ಅವ್ವಾ, ಹೊಟ್ಟೆ ತುಂಬ್ತು," ಅಂದಳು. ಹುಟ್ಟಿದಾಗಿನಿಂದ ಅವಳು ಆ ಮಾತು ಆಡಿರಲಿಲ್ಲ. ನೀಲವ್ವ ಮಗಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು.

ಅದಕ್ಕೇ ಕಂದ, ತುಪ್ಪದನ್ನ ಉಂಡ ದಿನ ನಿನಗೆ ಬೇಗ ಹಸಿವಾಗದೆ, ಹೊಟ್ಟೆ ಭಾರವಾಗಿ, ಕೂತಲ್ಲೇ ಕಣ್ಣು ಎಳೆಯುವುದು. ಒಳಗೆ ಕರುಳು ಅವತ್ತು ಕೊಟ್ಟ ಮಾತನ್ನು ಇವತ್ತಿಗೂ ಉಳಿಸಿಕೊಳ್ಳುತ್ತಿದೆ.