ಮದುವೆಯಾಗಿ ಇಪ್ಪತ್ತೊಂದನೇ ದಿನ

“ಮೇಷ್ಟ್ರೇ, ಫಾರಂ ತುಂಬುವಾಗ ಜನ ತಾರೀಖನ್ನು ತಮಗೆ ತೋಚಿದ ಹಾಗೆ ಬರೆಯುತ್ತಾರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪ್ಯಾಟರ್ನ್ ಬರೆದಿದ್ದೇನೆ. ಎರಡು ಬಗೆಯಲ್ಲಿ ಓದಬಹುದಾದವು ಒಂದಿಷ್ಟು ಉಳಿಯುತ್ತವೆ. ಅವನ್ನು ಯಂತ್ರ ಓದಿದಂತೆ ಬಿಟ್ಟರೆ ತಪ್ಪೇನು?”

ಗಂಗಾಂಬಿಕೆ ಹೀಗೆ ಕೇಳಿದ್ದು ತನಗೆ ಜಾವಾಸ್ಕ್ರಿಪ್ಟ್ ಕಲಿಸುತ್ತಿದ್ದ ಚೆನ್ನಮಲ್ಲಪ್ಪ ಮೇಷ್ಟ್ರನ್ನು. ಮೇಷ್ಟ್ರು ಅವಳ ಪ್ಯಾಟರ್ನ್ ಕಡೆ ಕಣ್ಣೂ ಹಾಯಿಸಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಒಳ್ಳೆಯವನೇ, ಯಾರ ತಂಟೆಗೂ ಹೋದವನಲ್ಲ. ಅವನು ಕೆಲಸ ಮಾಡುತ್ತಿದ್ದ ಸಂಘದವರಿಗೆ ಮನೆಮನೆಯ ಪರಿಚಯ ಪುಸ್ತಕ ಅಚ್ಚು ಹಾಕಿಸುವ ಆಸೆಯಾಯಿತು. ಯಾರ ಮದುವೆ ಯಾವಾಗ, ಯಾರ ಮಗು ಹುಟ್ಟಿದ್ದು ಯಾವಾಗ, ಎಲ್ಲ ಬೇಕೆಂದರು. ಹಾರೈಸುವುದಕ್ಕಂತೆ. ಪಕ್ಕದ ಮನೆಯವಳ ವಯಸ್ಸು ಲೆಕ್ಕ ಹಾಕುವುದಕ್ಕೂ ಅನುಕೂಲವೇ ಅನ್ನಿ.

ಇನ್ನೂರ ಹನ್ನೆರಡು ಮನೆಯವರು ಮೊಬೈಲಿನಲ್ಲಿ ತುಂಬಿ ಕಳಿಸಿದರು. ಒಬ್ಬರು ಚುಕ್ಕಿ ಇಟ್ಟರು, ಒಬ್ಬರು ಗೆರೆ ಎಳೆದರು, ಒಬ್ಬರು ಕನ್ನಡದ ಅಂಕಿಯಲ್ಲೇ ಬರೆದರು. ಗುಮಾಸ್ತ ಮೂರು ದಿನ ಕೂತು ಪ್ಯಾಟರ್ನ್ ಹೆಣೆದ. ಚುಕ್ಕಿ, ಗೆರೆ, ಖಾಲಿ ಜಾಗ, ಯಾವುದೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಸಿಕ್ಕ ಮೂರು ಅಂಕಿಗಳನ್ನು ಯಂತ್ರದ ಕೈಗೆ ಕೊಟ್ಟ. ಯಂತ್ರಕ್ಕೋ ಪರದೇಶದ ರೂಢಿ, ನಮ್ಮವರು ದಿನವೆಂದು ಬರೆಯುವ ಮೊದಲನೆಯ ಅಂಕಿಯನ್ನು ತಿಂಗಳೆಂದೇ ಓದುತ್ತದೆ. ಅದು ಹನ್ನೆರಡು ದಾಟಿದರೆ ಮಾತ್ರ ಇಂಥ ತಿಂಗಳಿಲ್ಲ ಎಂದು ತಗಾದೆ ತೆಗೆಯುತ್ತದೆ. ತಗಾದೆ ಬಂದ ಕಡೆಯೆಲ್ಲ ಗುಮಾಸ್ತ ಮೊದಲೆರಡು ಅಂಕಿಗಳನ್ನು ಅದಲುಬದಲು ಮಾಡಿದ. ತಗಾದೆ ಬರದ ಕಡೆ ಸರಿಯಿದೆ ಎಂದುಕೊಂಡ. ಪುಸ್ತಕ ಅಚ್ಚಾಗಿ ಮನೆಮನೆಗೆ ಹೋಯಿತು.

ಬೇರೆ ಸೀಮೆಯಿಂದ ಬಂದು ಆ ಊರಿನಲ್ಲಿ ನೆಲೆಸಿದ್ದ ಒಬ್ಬ ದರ್ಜಿ ಹೆಂಗಸಿದ್ದಳು. ಗಂಡ ಲಾರಿಯ ಮೇಲೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಒಬ್ಬಳೇ ಮಗಳು. ಮನೆ ನಡೆಯುತ್ತಿದ್ದದ್ದು ಇವಳ ಹೊಲಿಗೆಯಿಂದ. ಮದುವಣಗಿತ್ತಿಯರ ರವಿಕೆ ಹೊಲಿಯುವುದರಲ್ಲಿ ಎತ್ತಿದ ಕೈ. ಪುಸ್ತಕದಲ್ಲಿ ಅವಳ ಮದುವೆ ನವೆಂಬರ್ ಎರಡು ಎಂದಿತ್ತು. ಮಗಳು ಹುಟ್ಟಿದ್ದು ಅದೇ ವರ್ಷದ ನವೆಂಬರ್ ಇಪ್ಪತ್ತಮೂರು ಎಂದಿತ್ತು.

ಹಿಟ್ಟಿನ ಗಿರಣಿಯವನ ಹೆಂಡತಿ ಆ ಪುಟ ತೆರೆದು ತಿಂಗಳು ಎಣಿಸಲು ಬೆರಳು ಮಡಚಿದಳು. ಒಂದು ಬೆರಳೂ ಪೂರ್ತಿ ಮಡಚಲಿಲ್ಲ. ಆಮೇಲೆ ಕೇಳಬೇಕೆ! ಬೀಸಿಸಲು ಬಂದವರೆಲ್ಲ ಹಿಟ್ಟಿನ ಜೊತೆಗೆ ಸುದ್ದಿಯನ್ನೂ ಕಟ್ಟಿಸಿಕೊಂಡು ಹೋದರು. ಗಂಡ ಎಲ್ಲೋ ದೂರದಿಂದ ಫೋನು ಮಾಡಿ, ನಮ್ಮ ಮದುವೆ ಆದದ್ದು ಫೆಬ್ರವರಿಯಲ್ಲಿ ಎಂದು ನಾಲ್ಕು ಜನಕ್ಕೆ ಹೇಳಿದ. ಗಂಡನಾದವನು ಇನ್ನೇನು ಹೇಳಿಯಾನು ಎಂದರು. ಅಂಥ ಕೈಯಲ್ಲಿ ಮದುವಣಗಿತ್ತಿಯ ರವಿಕೆ ಹೊಲಿಸುವುದು ಶುಭವಲ್ಲ ಎಂಬ ಮಾತು ಎದ್ದಿತು. ಒಬ್ಬರು ಕತ್ತರಿಸದ ಬಟ್ಟೆ ವಾಪಸು ತಂದರು, ಒಬ್ಬರು ತೋಳು ಕೂಡಿಸದ ರವಿಕೆಯನ್ನೇ ಎತ್ತಿಕೊಂಡು ಬಂದರು. ಮದುವೆಯ ದಿನಗಳಲ್ಲಿ ಅವಳ ಮಿಷನ್ನು ಸುಮ್ಮನೆ ನಿಂತಿತು.

ಗುಮಾಸ್ತನ ಮಗಳಿಗೂ ಆಗ ನಿಶ್ಚಿತಾರ್ಥ. ಅವಳ ರವಿಕೆಯೂ ಅಲ್ಲೇ ಇತ್ತು. ಹೋಗಿ ತಗೊಂಡು ಬನ್ನಿ ಎಂದಳು ಹೆಂಡತಿ. ಅವನು ಹೋದ. ದರ್ಜಿ ಹೆಂಗಸು ಬಟ್ಟೆ ಮಡಚಿ, ಬೇರೆಯವರಿಗೆ ಕಷ್ಟವಾಗದಿರಲಿ ಎಂದು ಅಳತೆಯ ಚೀಟಿಯನ್ನು ಅದಕ್ಕೇ ಚುಚ್ಚಿ ಕೊಟ್ಟಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಆದರೂ ತಂದ.

ಹಾಗೆ ನೋಡಿದರೆ ಪುಸ್ತಕದಲ್ಲಿ ತಪ್ಪಿದ್ದದ್ದು ಅವಳದೊಂದೇ ಅಲ್ಲ. ಆಗಸ್ಟಿನಲ್ಲಿ ಹುಟ್ಟಿದ ಸಂಘದ ಅಧ್ಯಕ್ಷರು ಮೇ ತಿಂಗಳಿಗೆ ಜಿಗಿದಿದ್ದರು. ಅವರು ಎರಡೂ ಸಲ ಹಾರ ಹಾಕಿಸಿಕೊಂಡು ಸುಮ್ಮನಾದರು. ಗಿರಣಿಯವನ ಹೆಂಡತಿ ತನ್ನ ಮದುವೆಯ ತಿಂಗಳನ್ನು ಪೆನ್ನಿನಿಂದ ತಿದ್ದಿಕೊಂಡು, ಅಚ್ಚಿನವರಿಗೆ ಕಣ್ಣಿಲ್ಲ ಎಂದು ಬೈದಿದ್ದಳು. ಅವರವರ ಸಾಲು ತಪ್ಪಿದ್ದರೆ ಅದು ಅಚ್ಚಿನ ತಪ್ಪು. ದರ್ಜಿಯ ಸಾಲು ಮಾತ್ರ ಬ್ರಹ್ಮ ಬರೆದದ್ದು.

ಗಿರಣಿಗೆ ಹೋದ ಗುಮಾಸ್ತನ ಕಣ್ಣಿಗೆ ಆ ಪೆನ್ನಿನ ತಿದ್ದು ಬಿತ್ತು. ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಸಂಘದ ಕಚೇರಿಗೆ ಓಡಿಹೋಗಿ, ದರ್ಜಿ ಹೆಂಗಸು ತುಂಬಿ ಕಳಿಸಿದ್ದ ಫಾರಂ ತೆಗೆದು ನೋಡಿದ. ಹನ್ನೊಂದು, ಗೆರೆ, ಎರಡು. ಅಂದರೆ ಫೆಬ್ರವರಿ ಹನ್ನೊಂದು. ಮಗು ಒಂಬತ್ತು ತಿಂಗಳು ಹನ್ನೆರಡು ದಿನ ಮರ್ಯಾದೆಯಿಂದ ಕಾದೇ ಹುಟ್ಟಿತ್ತು. ಅವಳ ಫೋನ್ ನಂಬರು ಪಕ್ಕದಲ್ಲೇ ಇತ್ತು. ಒಂದು ಮಾತು ಕೇಳಬಹುದಿತ್ತು.

ಅವನು ಅವಳ ಮನೆಗೆ ಹೋಗಿ ಕೈ ಮುಗಿದ. “ಅಮ್ಮಾ, ತಪ್ಪು ನನ್ನದು. ಯಂತ್ರ ಒಂದು ಬಗೆಯಲ್ಲಿ ಓದಿತು, ನಾನು ಅದನ್ನೇ ನಂಬಿದೆ.”

ಅವಳು ಕಣ್ಣು ಒರೆಸಿಕೊಂಡಳು. “ಬೀದಿಗೆ ಹೋಗಿ ಹೇಳಪ್ಪ. ಇಲ್ಲಿ ಹೇಳಿದರೆ ನನಗೊಬ್ಬಳಿಗೇ ಕೇಳಿಸೋದು.”

ಅವನು ಮೊದಲು ಮಗಳ ರವಿಕೆಯನ್ನು ತಂದು ಅವಳ ಮುಂದಿಟ್ಟ. ಅವಳು ಹೊಲಿದುಕೊಟ್ಟಳು. ಮಗಳು ನಿಶ್ಚಿತಾರ್ಥಕ್ಕೆ ಅದನ್ನೇ ತೊಟ್ಟಳು. ಆಮೇಲೆ ಅವನು ತಿದ್ದುಪಡಿಯ ಚೀಟಿಗಳನ್ನು ಅಚ್ಚು ಹಾಕಿಸಿ ಮನೆಮನೆ ಹತ್ತಿದ. ಚೀಟಿ ಯಾರೂ ಓದಲಿಲ್ಲ. ಹಾಗಾಗಿ ಪ್ರತಿ ಬಾಗಿಲಲ್ಲೂ ನಿಂತು ಬಾಯಿಬಿಟ್ಟು ಹೇಳಬೇಕಾಯಿತು. ಮರೆತವರಿಗೆ ನೆನಪಾಯಿತು. ಸುದ್ದಿಯನ್ನೇ ಕೇಳಿರದವರು, ಯಾವ ದರ್ಜಿ, ಯಾವ ಮಗು ಎಂದು ಒಳಗೆ ಕರೆದು ಕೂರಿಸಿ ಮೊದಲಿನಿಂದ ಹೇಳಿಸಿಕೊಂಡರು. ಗಿರಣಿಯವನ ಹೆಂಡತಿ, ಪಾಪ ಹೋಗಲಿ ಬಿಡು, ಆಗಿದ್ದು ಆಯಿತು ಎಂದು ದೊಡ್ಡ ಮನಸ್ಸು ಮಾಡಿದಳು. ಆಗಿದ್ದು ಏನೂ ಇಲ್ಲ ಎಂದು ಅವನು ಮತ್ತೆ ಮೊದಲಿನಿಂದ ಹೇಳಿದ. ಕೆಲವರು ಬಟ್ಟೆ ತಂದುಕೊಟ್ಟರು. ಕೆಲವರು ನೋಡೋಣ ಎಂದರು.

ಮೇಷ್ಟ್ರು ನಿಲ್ಲಿಸಿದರು.

“ಆ ಪ್ರೋಗ್ರಾಮನ್ನು ಅವನು ತಿದ್ದಿದನೇ, ಮೇಷ್ಟ್ರೇ?” ಎಂದಳು ಗಂಗಾಂಬಿಕೆ.

“ಅದನ್ನು ಎರಡು ನಿಮಿಷದಲ್ಲಿ ತಿದ್ದಿದನಮ್ಮ, ಮನೆಗಳು ಇನ್ನೂ ಮುಗಿದಿಲ್ಲ.”