ಗೋಡೆ ದಾಟದ ವೀಳ್ಯದೆಲೆ ಬಳ್ಳಿ

ಒಂದಾನೊಂದು ಕಾಲದಲ್ಲಿ, ಕಾಲು ಆಡಿಸ್ಬೇಡ ಮರಿ, ಸುಮ್ನೆ ಕೇಳು, ಒಂದೂರಲ್ಲಿ ಕೆಂಪಾಜಮ್ಮ ಅನ್ನೋ ಅತ್ತೆ ಇದ್ಲಂತೆ. ಅವಳ ಹಿತ್ತಲಂಗಳಕ್ಕೆ ನಾಲ್ಕೂ ಕಡೆ ಆಳೆತ್ತರದ ಮೇಲೂ ಒಂದು ಮೊಳ ಗೋಡೆ, ಬಿಸಿಲು ಇಣುಕಿ ನೋಡಿ ಹೊರಟೇಹೋಗೋದಂತೆ. ಮಗ ಗಾಡಿ ಕಟ್ಕೊಂಡು ಸಂತೆ ಸಂತೆ ತಿರುಗೋನು. ಆ ಮನೆಗೆ ಹೊನ್ನಾಜಿ ಅಂತ ಸೊಸೆ ಬಂದ್ಲು. ಬಂದವಳಿಗೆ ತವರಿನದೇ ಚಿಂತೆ. ಅವ್ವನ್ನ ನೋಡ್ಬೇಕು, ಕಳಿಸಿಕೊಡಿ ಅತ್ತೆಮ್ಮ, ಅಂತ ದಿನಾ ಗೋಳು. ಅದಕ್ಕೆ ಅತ್ತೆ, ಅಂಗಳದಲ್ಲಿ ಕುಂಡ ಇಟ್ಟು ಬಳ್ಳಿ ಬೆಳೆಸು ಮಗಾ, ಅದು ಗೋಡೆ ಮೇಲೆ ತಲೆ ಎತ್ತಿದ ದಿನ ನಾನೇ ಗಾಡಿ ಹತ್ತಿಸ್ತೀನಿ ಅಂದ್ಲಂತೆ.

ಮೊದಲು ಹೊನ್ನಾಜಿ ಮಲ್ಲಿಗೆ ನೆಟ್ಲು. ಬಿಸಿಲಿಲ್ಲದೆ ಅದು ಮುಖ ಬಾಡಿಸಿಕೊಂಡು ಕೂತ್ಬಿಡ್ತು. ಆಮೇಲೆ ಹೀರೆ ಬೀಜ ಹಾಕಿದ್ಲು, ನೂಲಿನಂಗೆ ಸಣ್ಣಗೆ ಉದ್ದ ಬಂದು ಸೊಂಟ ಮುರ್ಕೊಂಡು ಬಿತ್ತು. ಆಮೇಲೆ ಮೂರನೇ ಸಲ ವೀಳ್ಯದೆಲೆ ಬಳ್ಳಿ ತಂದು ನೆಟ್ಲು. ಅದಕ್ಕೆ ಬೇಕಾದ್ದೇ ನೆರಳು, ತಂಪು. ಗೋಡೆ ಹಿಡಿದು ಹತ್ತಿದ್ದೇ ಹತ್ತಿದ್ದು! ಹೊನ್ನಾಜಿ ಸೀರೆ ಮಡಿಸಿ ಗಂಟೂ ಕಟ್ಟಿಟ್ಲಂತೆ.

ಆದ್ರೆ ಇನ್ನೇನು ಗೇಣುದ್ದ ಬಾಕಿ ಅನ್ನೋವಾಗ ಬಳ್ಳಿ ಕುಡಿನೇ ಮಾಯ! ಮತ್ತೆ ಚಿಗುರ್ತು, ಮತ್ತೆ ಮಾಯ. ಕುಡಿ ಹೋದಷ್ಟೂ ಪಕ್ಕಕ್ಕೆ ಕವಲೊಡೆದು ಗೋಡೆಯೆಲ್ಲ ಹಸಿರಾಯ್ತೇ ಹೊರತು ಮೇಲಕ್ಕೆ ಹೋಗಲಿಲ್ಲ. ಇಲಿಯೋ ಅಳಿಲೋ ನೋಡೇಬಿಡೋಣ ಅಂತ ಒಂದು ಬೆಳಗ್ಗೆ ಹೊನ್ನಾಜಿ ಬಾಗಿಲ ಸಂದೀಲಿ ನಿಂತ್ಲಂತೆ. ನೋಡಿದ್ರೆ, ಮಂಡಿನೋವಿನ ಅತ್ತೆ ಒರಳುಕಲ್ಲು ಹತ್ತಿ ನಿಂತು ಕುಡಿ ಚಿವುಟ್ತಾ ಇದ್ದಾಳೆ!

ಸೊಸೆ ಕಂಡಿದ್ದೇ ತಡ, ಅತ್ತೆ ಕುಡೀನ ಗಬಕ್ಕನೆ ಬಾಯಿಗೆ ಹಾಕ್ಕೊಂಡ್ಲಂತೆ. ಏನತ್ತೆಮ್ಮ ಇದು ಅಂದ್ರೆ, ಅಗಿಯೋಕೂ ಆಗದೆ ಉಗಿಯೋಕೂ ಆಗದೆ ಕಣ್ಣಲ್ಲಿ ನೀರು ತುಂಬ್ಕೊಂಡ್ಲು. ಹೋದ್ರೆ ನೀನು ವಾಪಸ್ ಬರ್ತೀಯೋ ಇಲ್ವೋ ಮಗಾ, ನೀನು ಬಂದ ಮೇಲೇ ಈ ಮನೇಲಿ ಮಾತು ಅಂತ ಆಗಿದ್ದು, ಅಂದ್ಲಂತೆ. ಹೊನ್ನಾಜಿಗೆ ಬಂದ ಕೋಪ ಎಲ್ಲೋ ಕರಗಿಹೋಯ್ತು. ಅತ್ತೆ ಕೈ ಹಿಡಿದು ಇಳಿಸಿ, ಅಷ್ಟೇ ತಾನೆ, ನೀವೂ ಹೊರಡಿ ನನ್ನ ಜೊತೆ ಅಂದ್ಲು.

ಆಮೇಲೆ ಇಬ್ರೂ ಗಾಡಿ ಹತ್ತಿ ಹೋದ್ರಂತೆ. ಹೊನ್ನಾಜಿ ಅವ್ವನ ಮಡಿಲಲ್ಲಿ ತಲೆ ಇಟ್ಟು ಅತ್ಲು, ನಕ್ಲು. ಆಮೇಲೆ ಬೀಗಿತ್ತಿಯರು ಜಗಲಿ ಮೇಲೆ ಕೂತು ಹರಟಿದ್ದೇ ಹರಟಿದ್ದು. ಮೂರನೇ ದಿನ ಹೊನ್ನಾಜಿಗೆ ಅವಸರ. ಏಳಿ ಅತ್ತೆಮ್ಮ, ನಮ್ಮನೆಗೆ ಹೋಗೋಣ ಅಂದ್ರೆ ಅತ್ತೆ ಆರಾಮಾಗಿ ಕಾಲು ಚಾಚ್ಕೊಂಡು, ಇನ್ನೆರಡು ದಿನ ಇದ್ದು ಹೋಗೋಣ ಕಣೇ ಮಗಾ ಅಂದ್ಲಂತೆ!

ಅವರು ಅಲ್ಲಿ ನಗ್ತಾ ಇರಲಿ. ಕತೆ ಮುಗೀತು ಕಂದಾ, ನೀನು ಮಗ್ಗುಲಾಗು.