ಕಾದ ಕೋಣೆಯ ಕಣಜಗಳು

ಮಠದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ಮಕ್ಕಳ ಮೇಲೆ ಸಿಡುಕಬೇಡ ಎನ್ನುತ್ತೀರಿ. ಆದರೆ ನನ್ನ ಸಿಡುಕಿನಿಂದ ಯಾರೂ ಕೆಟ್ಟಿಲ್ಲ. ಹೊತ್ತಿಗೆ ಬರುತ್ತಾರೆ, ಪಾಠ ಒಪ್ಪಿಸುತ್ತಾರೆ. ಹಾನಿ ಎಲ್ಲಿದೆ?”

ಗುರು ಹೇಳಿದರು:

ಒಬ್ಬ ಹೆಂಗಸು ಕಣಜ ಎಂಬ ಹಾರುವ ಕೀಟ ಸಾಕುತ್ತಿದ್ದಳು. ರವೆಯ ಕಾಳಿನಷ್ಟು ಚಿಕ್ಕ ಕಣಜ, ಮನುಷ್ಯರನ್ನು ಕಚ್ಚುವುದಿಲ್ಲ. ಕಬ್ಬು ಕೊರೆಯುವ ಹುಳುವಿನ ಮೊಟ್ಟೆಯೊಳಗೆ ಅದು ತನ್ನ ಮೊಟ್ಟೆಯಿಡುತ್ತದೆ. ಹುಳುವಿನ ಮೊಟ್ಟೆ ಕಪ್ಪಾಗುತ್ತದೆ. ಅದರಿಂದ ಹುಳು ಬರುವುದಿಲ್ಲ, ಕಣಜ ಬರುತ್ತದೆ. ರೈತರು ಅವಳಿಂದ ಒಯ್ದು ಗದ್ದೆಗೆ ಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವಳು ತಂಗಿಯ ಮಗುವಿನ ನಾಮಕರಣಕ್ಕೆ ಹೋದಳು. ಕಣಜದ ಕೋಣೆ ತಂಪಾಗಿರಲೆಂದು ಕಿಟಕಿಗೆ ಕಟ್ಟಿದ್ದ ಒದ್ದೆ ಗೋಣಿ ಒಣಗಿತು. ಎರಡು ಮಧ್ಯಾಹ್ನ ಕೋಣೆ ಕಾದು ಧಗಧಗಿಸಿತು. ತಿರುಗಿ ಬಂದವಳು ಎಲ್ಲವೂ ಸತ್ತಿರಬೇಕೆಂದು ಹೆದರಿದಳು. ಸತ್ತಿರಲಿಲ್ಲ. ಬರಬೇಕಾದ ದಿನವೇ ಕಣಜಗಳು ಮೊಟ್ಟೆಯಿಂದ ಹೊರಬಂದವು, ಜೋಡಿಯಾದವು, ಬೆಳಕಿನತ್ತ ಹಾರಿದವು. “ಸದ್ಯ, ಗಟ್ಟಿ ಜೀವ” ಎಂದುಕೊಂಡು ಅವನ್ನು ಪಕ್ಕದೂರಿನ ರೈತನಿಗೆ ಕೊಟ್ಟಳು.

ಅವನ ಗದ್ದೆಯಲ್ಲಿ ಹುಳುವಿನ ಮೊಟ್ಟೆಗಳು ಕಪ್ಪಾದವು. ಸಂತೋಷದಿಂದ ಒಂದು ಅಚ್ಚು ಬೆಲ್ಲ ತಂದುಕೊಟ್ಟ. ಕೆಲವು ವಾರ ಕಳೆದು ಮತ್ತೆ ಬಂದ. ಈ ಸಲ ಕೈಯಲ್ಲಿ ಹುಳು ಕೊರೆದ ಕಬ್ಬಿನ ಸುಳಿ ಇತ್ತು.

“ಅಕ್ಕಾ, ಮೊದಲ ಸಲ ಕಪ್ಪಾದ ಮೊಟ್ಟೆ ಎರಡನೇ ಸಲ ಯಾಕೆ ಕಪ್ಪಾಗಲಿಲ್ಲ? ನಿಮ್ಮ ಕಣಜ ಕೆಲಸ ಮರೆತವೇನು?”

“ಗೊತ್ತಿಲ್ಲಪ್ಪ. ನೋಡದೆ ಏನು ಹೇಳಲಿ? ನಡೆ, ಬರುತ್ತೇನೆ.”

ಭೂತಗನ್ನಡಿ ಹಿಡಿದು ಅವನ ಗದ್ದೆಯಲ್ಲಿ ಎಲೆ ಎಲೆ ಹುಡುಕಿದಳು. ಸಿಕ್ಕ ಕಣಜಗಳೆಲ್ಲ ಗಂಡು. ಮೊಟ್ಟೆಯಿಡಲು ಹೆಣ್ಣು ಒಂದೂ ಇರಲಿಲ್ಲ.

ಅವಳಿಗೆ ಇದು ಬಿಡಿಸಲೇಬೇಕಾದ ಗಂಟಾಯಿತು. ಹೊಸ ಕಣಜಗಳಲ್ಲಿ ಅರ್ಧವನ್ನು ಬೇಕೆಂದೇ ಕಾದ ಕೋಣೆಯಲ್ಲಿಟ್ಟಳು, ಅರ್ಧವನ್ನು ತಂಪಿನಲ್ಲಿಟ್ಟಳು. ಕಾದ ಹೆಣ್ಣಿಗೆ ತಂಪಿನ ಗಂಡನ್ನು ಕೂಡಿಸಿದಳು, ಹೆಣ್ಣುಮರಿಗಳೂ ಹುಟ್ಟಿದವು. ತಂಪಿನ ಹೆಣ್ಣಿಗೆ ಕಾದ ಗಂಡನ್ನು ಕೂಡಿಸಿದಳು, ಹುಟ್ಟಿದ್ದೆಲ್ಲ ಗಂಡು. ಆಗ ತಿಳಿಯಿತು. ಆ ಜೀವದಲ್ಲಿ ಗಂಡುಮರಿ ಹುಟ್ಟಲು ತಾಯಿಯೊಬ್ಬಳೇ ಸಾಕು. ಹೆಣ್ಣುಮರಿಗೆ ಮಾತ್ರ ತಂದೆಯೂ ಬೇಕು. ಕಾದ ಗಂಡು ಹಾರುತ್ತಿತ್ತು, ಕೂಡುತ್ತಿತ್ತು. ಕೊಡಲು ಅದರ ಬಳಿ ಏನೂ ಉಳಿದಿರಲಿಲ್ಲ.

ಅವಳು ರೈತನ ಮನೆಗೆ ಹೋಗಿ ತಪ್ಪು ತನ್ನದೆಂದು ಒಪ್ಪಿಕೊಂಡಳು. ತಂಪಿನಲ್ಲಿ ಬೆಳೆದ ಕಣಜ ಕೊಟ್ಟು ಬಂದಳು. ಅಷ್ಟರಲ್ಲಿ ಅರ್ಧ ಗದ್ದೆ ಹೋಗಿತ್ತು. ಉಳಿದರ್ಧ ಕೈಗೆ ಬಂತು.

ಗುರು ಕತೆ ನಿಲ್ಲಿಸಿದರು. ಶಿಷ್ಯ, “ಹಾಗಾದರೆ ಮಕ್ಕಳಲ್ಲಿ ನಾನು ಏನನ್ನು ನೋಡಬೇಕು?” ಎಂದ.

“ಅವರು ನಿನ್ನನ್ನು ಕೊನೆಯ ಸಲ ಪ್ರಶ್ನೆ ಕೇಳಿದ್ದು ಯಾವಾಗ?” ಎಂದರು ಗುರು.

ಶಿಷ್ಯ ವಾರ ವಾರ ಹಿಂದಕ್ಕೆ ನೆನೆಯುತ್ತ ಹೋದ, ಅಂಥ ಒಂದು ದಿನವೂ ಸಿಗಲಿಲ್ಲ.